ಪೂಜೆಗೆ ನಿಂತ ಪಂಪು

ಇವತ್ತು ಬೆಳಿಗ್ಗೆ ಇಡ್ಲಿ ಹಿಟ್ಟಿನ ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೀತು. ಫ್ರಿಜ್ಜಿಗಿಡೋದು ಮರೆತಿದ್ದೆ, ಉಬ್ಬಿದ್ದ ಹಿಟ್ಟು ಕುಸಿದು ಕೂತಿತ್ತು. ಅಷ್ಟೇ ಸಾಕಾಯ್ತು… ಮೇಡಂ ಬೆನ್ನ ಹಿಂದೆ ಬಂದು ನಿಂತ ಹಾಗಾಯ್ತು.

ಇಪ್ಪತ್ತು ವರ್ಷದ ಹಿಂದಿನ ಮಾತು. ರಾಜಾಜಿನಗರದ ಒಂದು ಶೆಡ್ಡಿನಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದ್ದೆ. ಸಕ್ಕರೆ ಪಾಕ ಹುದುಗಿಸಿ ಲ್ಯಾಕ್ಟಿಕ್ ಆಸಿಡ್, ಅಂದರೆ ಮೊಸರು ಹುಳಿ ಮಾಡುವ ಅದೇ ಆಮ್ಲ, ತೆಗೆಯೋ ಪ್ರಯೋಗ. ಅದಕ್ಕೆ ಮೇಡಂ ಮುಖ್ಯಸ್ಥರು. ಬಿಜಾಪುರದ ಕಡೆಯವರು, ಗೋವಿಂದರಾಜನಗರದಲ್ಲಿ ರೂಮು ಹಿಡಿದು ಒಬ್ಬರೇ ಇದ್ದರು. ಬಾಯಿ ಜೋರು, ಮನಸ್ಸು ಬೆಣ್ಣೆ.

ಪಾಕ ಹುದುಗಿಸೋ ಸೂಕ್ಷ್ಮಜೀವಿಗಳ ಹಣೆಬರಹ ನೋಡಿ. ಸಕ್ಕರೆ ತಿಂದು ಹುಳಿ ಬಿಡ್ತವೆ, ಹುಳಿ ಜಾಸ್ತಿಯಾದರೆ ಅದರಲ್ಲೇ ಸಾಯ್ತವೆ. ಅದಕ್ಕೇ ಮೇಡಂ ಒಂದು ಪುಟ್ಟ ಪಂಪು ಕೂರಿಸಿದ್ದರು. ಟ್ಯಾಂಕಿನ ದ್ರವವನ್ನು ಅದು ಎಳೆದು, ಜೇನುಬಣ್ಣದ ಮಣಿ ತುಂಬಿದ ಗಾಜಿನ ಕೊಳವೆಯಲ್ಲಿ ಹಾಯಿಸಿ, ವಾಪಸ್ ಟ್ಯಾಂಕಿಗೇ ಬಿಡ್ತಿತ್ತು. ಮಣಿಗಳು ಹುಳಿಯನ್ನು ಹಿಡಿದಿಟ್ಟುಕೊಳ್ತಿದ್ದವು.

“ಹುಳಿ ತಗೀತಿರಬೇಕವ್ವಾ, ಅಂದ್ರ ದುಡೀತಾವ,” ಅನ್ನೋರು. ಊಟಕ್ಕೆ ಕೂತರೂ ಕಿವಿ ಪಂಪಿನ ಟಕ್ ಟಕ್ ಕಡೆಗೇ.

ಈ ಸಲ ಗೆದ್ದರೆ ದೊಡ್ಡ ಟ್ಯಾಂಕು, ಇಲ್ಲದಿದ್ದರೆ ಪ್ರಯೋಗಕ್ಕೆ ಬೀಗ ಅಂತ ಮಾಲೀಕರು ಹೇಳಿಬಿಟ್ಟಿದ್ದರು. ಮೇಡಂ ವರ್ಷಗಟ್ಟಲೆ ಜೀವ ತೇಯ್ದದ್ದೆಲ್ಲ ಆ ಒಂದು ಟ್ಯಾಂಕಿನಲ್ಲಿತ್ತು.

ನಡುವೆ ಆಯುಧಪೂಜೆ ಬಂತು. ಮಾಲೀಕರ ತಾಯಿ ಪಂಪಿಗೆ ಚೆಂಡುಹೂವಿನ ಹಾರ ಹಾಕಿ, “ನಿಲ್ಸಮ್ಮ ಇದನ್ನ. ವರ್ಷವೆಲ್ಲ ದುಡಿದಿದೆ ಪಾಪ, ಸುಧಾರಿಸ್ಕೊಳ್ಲಿ,” ಅಂದರು. ಇದೊಂದು ಓಡಲಿ ಅಂತ ಮೇಡಂ ಕೈಮುಗಿದರು. ಅಜ್ಜಿಯ ಮುಖ ಬಾಡಿತು. ಮಾಲೀಕರು ಕಣ್ಣಲ್ಲೇ ಬೇಡಿಕೊಂಡರು. ಕೊನೆಗೆ ಮೇಡಂ ತಮ್ಮ ಕೈಯಾರೆ ಸ್ವಿಚ್ ಆರಿಸಿದರು. ಪೂಜೆಗಿಟ್ಟ ಯಂತ್ರವನ್ನು ವಿಜಯದಶಮಿ ಕಳೆಯೋವರೆಗೆ ಮುಟ್ಟೋ ಹಾಗಿಲ್ಲ. ಶೆಡ್ಡಿಗೆ ಬೀಗ ಬಿತ್ತು.

ಟ್ಯಾಂಕು ಬೆಚ್ಚಗಿಡೋ ಹೀಟರು ಮಾತ್ರ ಒಳಗೆ ಕಾಯ್ತಾನೇ ಇತ್ತು. ತಿರುಗೋದಿಲ್ಲವಲ್ಲ, ಅದು ಯಾರಿಗೂ ಯಂತ್ರ ಅನ್ನಿಸಲೇ ಇಲ್ಲ. ಗಾಬರಿಯಲ್ಲಿ ಅದನ್ನೂ ಆರಿಸಬೇಕು ಅಂತ ಮೇಡಂಗೂ ಹೊಳೀಲಿಲ್ಲ.

ಹಬ್ಬ ಮುಗಿದು ಬಾಗಿಲು ತೆಗೆದಾಗ ಬಂದ ವಾಸನೆ… ಅಯ್ಯೋ, ಇವತ್ತಿನ ಹಿಟ್ಟಿನದೇ ಹುಳಿ, ನೂರು ಪಟ್ಟು. ಮೇಡಂ ಬಾಡಿದ ಹಾರ ಕಿತ್ತು ಪಂಪು ಹಾಕಿದರು. ಸಂಜೆವರೆಗೂ ಓಡಿತು. ಪರೀಕ್ಷೆ ಮಾಡಿದರೆ ಸಕ್ಕರೆ ಒಂಚೂರೂ ಇಳಿದಿರಲಿಲ್ಲ. ಊಟ ಇತ್ತು, ಉಣ್ಣೋರಿರಲಿಲ್ಲ.

“ಹೀಟರ್ ಆರಿಸಿದ್ರ ಮಲಗಿರ್ತಿದ್ವು… ನಾ ಬೆಚ್ಚಗಿಟ್ಟು ಕೊಂದೆ,” ಅಂದರು ಮೇಡಂ.

ಪ್ರಯೋಗ ಮುಚ್ಚಿತು. ಎಷ್ಟೋ ದಿನದ ಮೇಲೆ ವಿಜಯನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಗುರುತು ಸಿಗದಷ್ಟು ಸೊರಗಿದ್ದರು. ಮಾತಾಡ್ತಾ ಆಡ್ತಾ ಕೈ ಎತ್ತಿ ನನ್ನನ್ನು ತಡೆದರು. “ಪಂಪು ನಿಂತದ ನೋಡು,” ಅಂದರು. ಅಷ್ಟು ಬಸ್ಸುಗಳ ಗದ್ದಲದ ನಡುವೆ, ಇಲ್ಲದ ಪಂಪಿಗೆ ಕಿವಿಗೊಟ್ಟು ನಿಂತಿದ್ದರು. ಆಮೇಲೆ ಬಂದದ್ದು ಅವರು ಹೋದರು ಅನ್ನೋ ಸುದ್ದಿಯೇ. ಮಣ್ಣಿಗೂ ಹೋಗೋಕಾಗಲಿಲ್ಲ, ಆ ಸಂಕಟ ಇನ್ನೂ ಇದೆ.

ಇವತ್ತೂ ಆಯುಧಪೂಜೆ. ನಮ್ಮನೆಯವರು ಮಿಕ್ಸಿಗೆ, ಸ್ಕೂಟರಿಗೆ ಕುಂಕುಮ ಇಟ್ಟು, ಫ್ರಿಜ್ಜಿನ ಸ್ವಿಚ್ಚಿಗೆ ಕೈ ಚಾಚಿದರು. “ಮುಟ್ಟಬೇಡ್ರೀ!” ಅಂತ ಕಿರುಚಿಬಿಟ್ಟೆ.

“ತಮಾಷೆಗೆ ಕಣೇ,” ಅಂತ ಬೆಚ್ಚಿ ಕೈ ಹಿಂದೆ ತಗೊಂಡರು ಪಾಪ.

ಸ್ವಲ್ಪ ಹೊತ್ತಿಗೆ ಫ್ರಿಜ್ಜಿನ ಗುಂಯ್ ಸದ್ದು ತಾನಾಗೇ ನಿಂತಿತು. ನಿಂತು ನಿಂತು ಓಡೋದೇ ಅದರ ಗುಣ, ನನಗೇನು ಗೊತ್ತಿಲ್ಲವೇ. ಆದರೂ ಅದು ಮತ್ತೆ ಶುರುವಾಗೋವರೆಗೆ ಅಡುಗೆಮನೆ ಬಿಟ್ಟು ಕದಲೋಕೆ ನನ್ನಿಂದಾಗಲಿಲ್ಲ.