ಎಳ್ಳಮಾವಾಸ್ಯೆಗೆ ನಾನು ಬಡಿದ ರೊಟ್ಟಿ

ರೊಟ್ಟಿ ತಿನ್ನುವವನು ರೊಟ್ಟಿಯ ಅಂಚನ್ನು ನೋಡುವುದಿಲ್ಲ. ಅರವತ್ತಮೂರು ವರ್ಷ ದಿನಕ್ಕೆರಡು ಹೊತ್ತು ರೊಟ್ಟಿಯಿಂದಲೇ ಬೆಳೆದ ಈ ದೇಹವೂ ನೋಡಿರಲಿಲ್ಲ. ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ತನ್ನಷ್ಟಕ್ಕೆ ತಾನೇ ದುಂಡಗೆ ಉದಯಿಸುತ್ತದೆ, ಅದರಲ್ಲಿ ಪುರುಷಪ್ರಯತ್ನವೇನೂ ಇಲ್ಲ ಎಂದು ನಂಬಿದ್ದೆ. ಪುರುಷಪ್ರಯತ್ನವಿಲ್ಲ ಎಂಬುದು ಅಕ್ಷರಶಃ ನಿಜವೇ, ಇದ್ದದ್ದೆಲ್ಲ ಸ್ತ್ರೀಪ್ರಯತ್ನ. ಈ ಜ್ಞಾನೋದಯ ನನಗಾದದ್ದು ಬೋಧಿವೃಕ್ಷದ ಕೆಳಗಲ್ಲ, ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಅಡುಗೆಮನೆಯಲ್ಲಿ, ಎಳ್ಳಮಾವಾಸ್ಯೆಯ ಬೆಳಿಗ್ಗೆ.

ನಮ್ಮ ಹೊಲ ಇರುವುದು ಕಮಲಾಪುರದಲ್ಲಿ, ನೋಡಿಕೊಳ್ಳುವವನು ನನ್ನ ಅಣ್ಣ. ಎಳ್ಳಮಾವಾಸ್ಯೆಯ ದಿನ ಭೂಮಿತಾಯಿಯನ್ನು ಪೂಜಿಸಿ, ರೊಟ್ಟಿ ಮುರಿದು ಕಾಳು-ಸೊಪ್ಪಿನ ಭಜ್ಜಿಯಲ್ಲಿ ಕಲಸಿ, ಆ ಎಡೆಯನ್ನು ಹೊಲದ ಸುತ್ತ ಚರಗವೆಂದು ಚೆಲ್ಲಿ, ಎರಡೂ ಮನೆಯವರು ಅಲ್ಲೇ ಕೂಡಿ ಉಣ್ಣುವುದು ವಾಡಿಕೆ. ಭಜ್ಜಿ ಅಣ್ಣನ ಹೆಂಡತಿ ವೈನಿಯದು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ನಮ್ಮದು. ಇದು ತಾಯಿ ಇದ್ದಾಗಲೇ ಮಾಡಿಕೊಟ್ಟ ಪಾಲು. ಮೂರು ವರ್ಷದ ಹಿಂದೆ ಮಡದಿ ತವರಿಗೆ ಹೋದ ಸಂದರ್ಭದಲ್ಲಿ ನಾನು ರೊಟ್ಟಿ ಕೇಂದ್ರದಿಂದ ಮೂವತ್ತು ರೊಟ್ಟಿ ಒಯ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಬರಿಯ ಸೋಮಾರಿತನವೆನಿಸುತ್ತಿತ್ತು. ಊರಿಗೆ ಹೋಗುವ ಮುನ್ನ ಅವಳೇ ಬಡಿದಿಟ್ಟದ್ದು ಎಂದೂ ಹೇಳಿಬಿಟ್ಟೆ. ಅಣ್ಣ ಚರಗಕ್ಕೆಂದು ಮುರಿಯುವಾಗ ಎರಡು ರೊಟ್ಟಿಗಳ ನಡುವಿನಿಂದ ಅಂಗಡಿಯ ಹೆಸರಿದ್ದ ಚೀಟಿ ಜಾರಿ ಬಿತ್ತು. ಅವನು ಬಯ್ಯಲಿಲ್ಲ. "ಭೂಮಿತಾಯಿ ಮುಂದ ಸುಳ್ಳು ಹೇಳಿದ್ಯಲ್ಲೋ, ತಮ್ಮಾ" ಎಂದ, ಅಷ್ಟೆ. ಮುಂದಿನ ಎರಡು ಎಳ್ಳಮಾವಾಸ್ಯೆಗೆ ನಮಗೆ ಕರೆ ಬರಲಿಲ್ಲ. ಮದುವೆಮನೆಗಳಲ್ಲಿ ಎದುರಾದರೆ ಅಣ್ಣ ನನ್ನ ಚಪ್ಪಲಿಯ ಯೋಗಕ್ಷೇಮ ವಿಚಾರಿಸುವವನಂತೆ ಕೆಳಗೆ ನೋಡುತ್ತ ದಾಟಿಹೋಗುತ್ತಿದ್ದ.

ಈ ವರ್ಷ ವೈನಿ ಫೋನು ಮಾಡಿದರು. ಹೇಗೋ ಒಪ್ಪಿಸಿದ್ದೇನೆ, ಬನ್ನಿ. ರೊಟ್ಟಿ ಮಾತ್ರ ಮನೆಯದೇ ಇರಲಿ, ಅವರನ್ನು ಇನ್ನೊಮ್ಮೆ ಒಪ್ಪಿಸುವ ತ್ರಾಣ ನನಗಿಲ್ಲ ಎಂದರು. ಮೂರನೆಯ ದಿನ ಮಡದಿ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ನೆರೆಮನೆಯವರನ್ನು ಕೇಳಬಹುದಿತ್ತು, ಆದರೆ ಅಣ್ಣನ ನ್ಯಾಯಾಲಯದಲ್ಲಿ ನೆರೆಮನೆಯೂ ಮನೆಯೇ ಎಂದು ವಾದಿಸುವ ಧೈರ್ಯ ನನಗಿರಲಿಲ್ಲ. ನಾನೇ ಬಡಿಯುತ್ತೇನೆಂದೆ. ಮಡದಿ ನಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾದದ್ದು.

ಮೂವತ್ತು ವರ್ಷ ಕಚೇರಿಯಲ್ಲಿ ಕಡತ ಕಾದವನಿಗೆ ಮುಂಜಾಗ್ರತೆಯೇ ಕುಲದೈವ. ಹಬ್ಬದ ವಾರ ಗಿರಣಿಯಲ್ಲಿ ಪಾಳಿಯ ಸಾಲು ಉದ್ದವೆಂದು ಹದಿನೈದು ದಿನ ಮೊದಲೇ ಸಜ್ಜೆ ಬೀಸಿಸಿ, ಡಬ್ಬಿಯಲ್ಲಿ ಭದ್ರಪಡಿಸಿ, ಯಾರಿಗೂ ಹೇಳದೆ ಒಳಗೊಳಗೇ ಬೀಗಿದೆ. ಅಭ್ಯಾಸವನ್ನೆಲ್ಲ ಜೋಳದ ಹಿಟ್ಟಿನ ಮೇಲೆ ನಡೆಸಿ, ಆ ಪವಿತ್ರ ಡಬ್ಬಿಯನ್ನು ಹಬ್ಬದ ದಿನವೇ ತೆರೆದೆ.

ಕುದಿಯುವ ನೀರು ಹಾಕಿ ನಾದಿದೆ, ಬಡಿದೆ. ಕಲಬುರಗಿ ಜಿಲ್ಲೆಯ ನಕಾಶೆ ಮೂಡಿತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ತಾಲ್ಲೂಕುಗಳೆಲ್ಲ ಬೇರೆಯಾದವು. ಎರಡನೆಯದೂ ಹಾಗೆಯೇ, ಐದನೆಯದೂ ಹಾಗೆಯೇ. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತಿದ್ದ ಮಡದಿ ಒಂದು ಚಿಟಿಕೆ ಹಿಟ್ಟನ್ನು ನಾಲಿಗೆಗಿಟ್ಟು, ಯಾವಾಗ ಬೀಸಿಸಿದ್ದೆಂದು ಕೇಳಿದಳು. ಹೇಳಿದೆ.

"ಸಜ್ಜಿ ಹಿಟ್ಟು ಎಂಟು ದಿನದಾಗ ಕಹಿ ಆಗ್ತದ, ಜಿಗಿ ಹೋಗ್ತದರೀ" ಎಂದಳು. "ಇದು ಗೊತ್ತಿಲ್ಲದ ಮನಷ್ಯಾರು ಕಲಬುರಗ್ಯಾಗ ಅದಾರ ಅಂತ ನನಗ ಗೊತ್ತಿರಲಿಲ್ಲ."

ಹಬ್ಬಕ್ಕೆ ಗಿರಣಿ ಮುಚ್ಚಿತ್ತು. ಎಂಟು ಗಂಟೆ ದಾಟಿತ್ತು, ಮಧ್ಯಾಹ್ನಕ್ಕೆ ಹೊಲದಲ್ಲಿರಬೇಕು. ಚೀಲ ಹಿಡಿದು ಹೊರಬಿದ್ದೆ. ಎಲ್ಲಿಗೆಂದು ಮಡದಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಾಳಸಂಗಾತಿಗಳ ನಡುವಿನ ಅತಿ ದೀರ್ಘ ಸಂಭಾಷಣೆಗಳು ಹೀಗೆಯೇ ನಡೆಯುತ್ತವೆಂಬುದು ನಿಮಗೂ ಗೊತ್ತಿರಬೇಕು.

ರೊಟ್ಟಿ ಕೇಂದ್ರದಲ್ಲಿ ಸಜ್ಜೆರೊಟ್ಟಿಗಳು ಸೊಂಟದೆತ್ತರ ಪೇರಿಸಿದ್ದವು. ಒಂದೊಂದೂ ಕೈವಾರ ಹಿಡಿದು ಗೆರೆ ಎಳೆದಂತಿತ್ತು. ಈ ಸಲ ಚೀಟಿ ತೆಗೆದು, ಒಂದೆರಡರ ಅಂಚನ್ನು ಕೈಯಾರೆ ಮುರಿದು ಒಯ್ದರೆ ಯಾರಿಗೆ ತಿಳಿದೀತು? ನನ್ನ ಬುದ್ಧಿ ಅಷ್ಟು ಚುರುಕಾಗಿ ಓಡಿದ್ದು ಕಂಡು ನನಗೇ ಅಂಜಿಕೆಯಾಯಿತು. ಎಷ್ಟು ಕಟ್ಟಲಿ ಎಂದು ಅಂಗಡಿಯಾಕೆ ಕೇಳಿದರೆ, ನೋಡಿ ಹೋಗಲು ಬಂದೆನೆಂದೆ. ಆಕೆ ನನ್ನನ್ನು ನೋಡಿದ ಬಗೆಯನ್ನು ವರ್ಣಿಸುವುದಿಲ್ಲ. ಬರಿಗೈಯಲ್ಲಿ ಮರಳಿದೆ.

ಅದೇ ಕಹಿ ಹಿಟ್ಟಿನೊಡನೆ ಎರಡು ತಾಸು ನಡೆಸಿದ ಹೋರಾಟದಲ್ಲಿ ಹದಿನೇಳು ರೊಟ್ಟಿ ಬದುಕುಳಿದವು, ನನ್ನ ಬೆರಳುಗಳಲ್ಲಿ ನಾಲ್ಕು ಸುಟ್ಟವು. ಕಮಲಾಪುರದ ಬಸ್ಸಿನಲ್ಲಿ ಮಡದಿಯ ಪಕ್ಕ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಗಲ್ಲಿನ ಅಪರಾಧಿ ತನ್ನ ಹಗ್ಗವನ್ನು ತಾನೇ ಒಯ್ಯುವಂತೆ ಕುಳಿತೆ.

ಹೊಲದಲ್ಲಿ ಅಣ್ಣ ಪೂಜೆ ಮುಗಿಸಿ, ಬನ್ನಿಗಿಡದ ಕೆಳಗೆ ಚರಗದ ಪಾತ್ರೆ ಮುಂದಿಟ್ಟುಕೊಂಡು ಕುಳಿತಿದ್ದ. ಬಾ ಎನ್ನಲಿಲ್ಲ, ಕೈ ಚಾಚಿದ, ಡಬ್ಬಿಗೆ. ಮುಚ್ಚಳ ತೆಗೆದು, ಒಂದು ರೊಟ್ಟಿಯನ್ನು ಎತ್ತಿ ಬಿಸಿಲಿಗೆ ಹಿಡಿದ. ವೈನಿ ಭಜ್ಜಿಯ ಸೌಟನ್ನು ಹಾಗೆಯೇ ಹಿಡಿದು ನಿಂತರು. ಅವನು ಮುರಿಯುವ ಹೊತ್ತಿಗೆ ನನ್ನ ಬಾಯಿ ತಾನಾಗಿ ತೆರೆಯಿತು.

"ಅಣ್ಣಾ, ತಡಿ. ಹಿಟ್ಟು ಕಹಿ ಆಗ್ಯದ. ಹದಿನೈದು ದಿನದ್ದು."

"ಬಡಿದೋರು ಯಾರು?"

"ನಾನ."

ಅವನು ರೊಟ್ಟಿಯನ್ನು ಮೂಸಿದ. ಆಮೇಲೆ ನನ್ನ ಬೆರಳುಗಳನ್ನು ನೋಡಿದ. ಮೂರು ವರ್ಷದಲ್ಲಿ ನನ್ನ ಚಪ್ಪಲಿಗಿಂತ ಮೇಲೆ ಅವನ ದೃಷ್ಟಿ ಬಂದದ್ದು ಅದೇ ಮೊದಲು.

"ಇಂಥಾದ್ದು ಮಾರಾಕ ಯಾವ ಅಂಗಡ್ಯಾವಗೂ ಧೈರ್ಯ ಆಗಂಗಿಲ್ಲ" ಎಂದ, ವೈನಿಯ ಕಡೆ ತಿರುಗಿ. "ಮನೀದೇ ಅದ."

ಮುರಿದ, ಕಲಸಿದ, ಹೊಲದ ಸುತ್ತ ಚೆಲ್ಲಿ ಬಂದ. ಭೂಮಿತಾಯಿ ಮುಖ ಸಿಂಡರಿಸಿದಂತೆ ಕಾಣಲಿಲ್ಲ. ಆ ಕೆಲಸವನ್ನು ನಾವೆಲ್ಲ ಊಟಕ್ಕೆ ಕುಳಿತಾಗ ಮಾಡಿದೆವು. ವೈನಿ ಪ್ರತಿ ತುತ್ತಿಗೂ ಭಜ್ಜಿ ಹೆಚ್ಚು ಹೆಚ್ಚು ಬಡಿಸಿದರು. ಅಣ್ಣ ಕಷಾಯ ಕುಡಿಯುವವನ ಗಾಂಭೀರ್ಯದಿಂದ ಎರಡು ರೊಟ್ಟಿ ಮುಗಿಸಿ, ಮೂರನೆಯದಕ್ಕೆ ಕೈ ಹಾಕುತ್ತ, ಜೋಳದ ತೆನೆಗಳ ಕಡೆ ನೋಡಿಕೊಂಡೇ ಹೇಳಿದ:

"ಮುಂದಿನ ವರ್ಷ ಸಜ್ಜಿ ನಾ ಬೀಸಿಸಿ ಕಳಸ್ತೀನಿ. ಬಡಿಯೋದು ಮಾತ್ರ ನೀನ."

ಮುಂದಿನ ವರ್ಷ ಎಂದನಲ್ಲ. ಮಡದಿ ನನ್ನನ್ನು ನೋಡಿದಳು. ನಾನು ಬಾಯಲ್ಲಿದ್ದ ತುತ್ತನ್ನು ನೀರು ಕುಡಿಯದೆಯೇ ನುಂಗಿ, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.