ಚರ್ಚಿನ ಬಗ್ಗೆ ನಾನು ಬರೆದ ಎರಡು ಪುಟ

ಚನ್ನಗಿರಿಯ ಹೈಸ್ಕೂಲಿನಿಂದ ನಿವೃತ್ತನಾದ ಮೇಲೆ ನನಗೆ ಇತಿಹಾಸದ ಹುಚ್ಚು ಹಿಡಿಯಿತು. ಊರಾಚೆಯ ಮುಚ್ಚಿದ ಚರ್ಚಿನ ಬಗ್ಗೆ ಊರಿನ ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಹಿಗ್ಗಿ ಹೀರೇಕಾಯಿಯಾದೆ. ಬ್ರಿಟಿಷರ ಕಾಲದಲ್ಲಿ ಆಂಗ್ಲಿಕನ್ ಸಭೆಯವರು ಕಟ್ಟಿಸಿದ್ದು ಅದು. ಈಗ ಹೆಂಚು ಕುಸಿದಿದೆ, ಬೀಗ ತುಕ್ಕು ಹಿಡಿದಿದೆ. ನಮ್ಮ ಬೀದಿಯ ಹಿರಿಯರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: "ದೊರೆಗಳದ್ದು ಕಣ್ರೀ ಅದು. ಅವ್ರು ಹೋದ್ರು, ಬೀಗ ಬಿತ್ತು."

ಚರ್ಚಿನ ಹಿಂದಿನ ಕೇರಿಯಲ್ಲಿ ಒಬ್ಬ ಮುದುಕಿ ಇದ್ದಾರೆ, ಅವರ ಗಂಡ ಗಂಟೆ ಹೊಡೆಯುತ್ತಿದ್ದವರು ಎಂದು ಯಾರೋ ಹೇಳಿದರು. ಹೋದೆ. ಆಕೆಗೆ ಎಷ್ಟು ಸಂತೋಷವಾಯಿತೆಂದರೆ ಸೆರಗಿನಿಂದಲೇ ಕುರ್ಚಿ ಒರೆಸಿದರು.

"ಕುಂದ್ರಿ ಮೇಷ್ಟ್ರೇ. ನಮ್ಮೋರೇ ಕಲ್ಲು ಹೊತ್ತು ಕಟ್ಟಿದ್ದು ಅದು. ಪಾದ್ರಿಗಳು ಮದುವೆ, ಸಾವು ಎಲ್ಲಾ ಬರೆದಿಟ್ಟ ಪುಸ್ತಕ ಪೆಟ್ಟಿಗೇಲಿ ಐತೆ. ಟೀ ಕುಡೀರಿ, ತೋರಿಸ್ತೀನಿ."

ಟೀ! ಆ ಕೇರಿಯ ಮನೆಯಲ್ಲಿ! ಜಾತಿ ಬೇಡ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ಇವತ್ತು ಸೋಮವಾರ. ನಂದು ಒಪ್ಪತ್ತು." ಸೋಮವಾರದ ಒಪ್ಪತ್ತು ಬಿಟ್ಟು ಎಷ್ಟೋ ಕಾಲವಾಗಿತ್ತು. ಬೆಳಿಗ್ಗೆ ಮಂಡಕ್ಕಿ, ಮೆಣಸಿನಕಾಯಿ ಎರಡನ್ನೂ ಬಾರಿಸಿಯೇ ಬಂದಿದ್ದೆ.

"ಒಪ್ಪತ್ತಿಗೆ ಟೀ ನಡೀತದಲ್ರಿ?" ಎಂದರು ಆಕೆ.

"ನಾನು ಭಾಳ ಕಟ್ಟುನಿಟ್ಟು," ಎಂದು ಎದ್ದೇಬಿಟ್ಟೆ. ಪೆಟ್ಟಿಗೆಯ ಮುಚ್ಚಳ ತೆಗೆಯುವಷ್ಟು ಹೊತ್ತೂ ನಿಲ್ಲಲಿಲ್ಲ. ಮನೆಗೆ ಬಂದು ಬರೆದೆ: ಇಲ್ಲಿ ಬಿಳಿಯರು ಮಾತ್ರ ಪ್ರಾರ್ಥಿಸುತ್ತಿದ್ದರು, ಸ್ಥಳೀಯರ ಸಭೆ ಇರಲಿಲ್ಲ, ಚರ್ಚಿನ ಹಿತ್ತಲಿನಲ್ಲಿ ನೆಟ್ಟಿರುವ ಕಲ್ಲುಗಳು ಬರೀ ಗಡಿಕಲ್ಲುಗಳು. ಸಂಚಿಕೆ ಬಂತು, ನನಗೆ ಶಾಲು ಹೊದಿಸಿದರು.

ಹೋದ ವರ್ಷ ರಸ್ತೆ ಅಗಲ ಮಾಡುವವರು ಆ ಹಿತ್ತಲನ್ನು ಅಳೆದರು. ಅವು ಸಮಾಧಿ ಎಂದು ಆಕೆ ಹೇಳಿದರೆ ನನ್ನ ಪುಟವನ್ನೇ ತೋರಿಸಿದರಂತೆ. ಮರುದಿನ ಆಕೆ ನಮ್ಮ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬರಲಿಲ್ಲ.

"ನಮ್ಮ ಯಜಮಾನ್ರು ಅಲ್ಲೇ ಮಲಗಿದಾರೆ ಮೇಷ್ಟ್ರೇ. ಪಕ್ಕದ ಜಾಗ ನಂದು. ಅದೂ ರಸ್ತೆಗೆ ಹೋದ್ರೆ ನನ್ನ ಎಲ್ಲಿಡ್ತಾರೆ? ನೀವು ಬಂದು ಒಂದು ಮಾತು ಹೇಳ್ರಿ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೋದೆ. ರಸ್ತೆಯವರ ಕಚೇರಿಯಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು, ಸಾರ್ ಸಾರ್ ಎಂದು ಎದ್ದು ನಿಂತರು. ಆಕೆ ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ಕೊಟ್ಟರು. ಅವರ ಗಂಡನನ್ನು ಚರ್ಚಿನ ಹಿತ್ತಲಲ್ಲೇ ಮಣ್ಣು ಮಾಡಿದ್ದು ಪಾದ್ರಿಯ ಅಕ್ಷರದಲ್ಲಿ, ಅಚ್ಚಗನ್ನಡದಲ್ಲಿ ಅಲ್ಲಿತ್ತು. ನಾನು ಅದನ್ನು ನೋಡಿದ್ದು ಅದೇ ಮೊದಲು.

ಅಧಿಕಾರಿ ಓದಿ ತಲೆಯೆತ್ತಿದರು. "ಮತ್ತೆ ನೀವು ಹಂಗ್ಯಾಕೆ ಬರೆದ್ರಿ ಸಾರ್?"

ಈ ತಾಯಿಯ ಮನೆಯ ಟೀ ಕುಡಿಯಲಾರದೆ ಎದ್ದು ಬಂದೆ ಅಂದಿದ್ದರೆ ಸಾಕಿತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆಕೆಯೂ.

"ಪ್ರೆಸ್ಸಿನೋರ ತಪ್ಪದು," ಎಂದೆ. "ಏನೇನೋ ಸೇರಿಸಿಬಿಡ್ತಾರೆ ನೋಡ್ರಿ."

ಎಲ್ಲರೂ ನಕ್ಕರು. ಸಮಾಧಿಗಳನ್ನು ಬಿಟ್ಟು ಅಳೆಯಿರಿ ಎಂದು ಅಧಿಕಾರಿ ಅಲ್ಲೇ ಬರೆದು ಸಹಿ ಹಾಕಿದರು. ನಾನೂ ನಕ್ಕೆ, ಥೂ ನನ್ನ ಜನ್ಮಕ್ಕೆ.

ಹೊರಗೆ ಬಂದು ಆಕೆ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿದರು. ನನಗೆ ಎರಡೂ ಕೈ ಜೋಡಿಸಿದರು.

"ಜಾಗ ಉಳೀತು, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ," ಎಂದರು. "ಆದ್ರೆ ಮೇಷ್ಟ್ರೇ, ನಮ್ಮನೆಗೆ ಬಂದಿದ್ದು ಪ್ರೆಸ್ಸಿನೋರಲ್ಲ."