ಭಾವ ಎಳೆದು ನೋಡುತ್ತಿದ್ದ ದಾರ

ಇವತ್ತು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ನನ್ನ ಪ್ಯಾಂಟು ಹಿಂದೆ ಪರ್ರೆಂದು ಬಿಚ್ಚಿಕೊಂಡಿತು. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆ ಬಾಗಿಲಲ್ಲೇ ಹಾಲಿನವನು ನಿಂತಿದ್ದ. ಪಾಪ, ಏನೂ ಕೇಳಿಸದವನಂತೆ ಕ್ಯಾನಿನೊಳಗೆ ಇಣುಕಿ ನೋಡತೊಡಗಿದ. ಹೆಂಡತಿ ಅಷ್ಟು ದೊಡ್ಡ ಮನಸ್ಸು ಮಾಡಲಿಲ್ಲ, ಮನಸಾರೆ ನಕ್ಕಳು. ನಾನೂ ನಗಬಹುದಿತ್ತು. ಆದರೆ ಒಳಗೆ ಹೋಗಿ ಪ್ಯಾಂಟು ಬದಲಿಸಿ, ಹರಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೊಲಿಗೆ ಗೇಣುದ್ದ ಬಿಟ್ಟಿತ್ತು. ಬಟ್ಟೆಗೆ ಒಂದು ಗೀರೂ ಆಗಿರಲಿಲ್ಲ. ತುಂಡಾದ ದಾರದ ತುದಿಗಳನ್ನು ಕಂಡದ್ದೇ ತಡ, ಹಾವು ಮುಟ್ಟಿದವನಂತೆ ಪ್ಯಾಂಟನ್ನು ಮಂಚದ ಮೇಲೆ ಎಸೆದೆ. ಒಂದು ಹರಕು ಪ್ಯಾಂಟು ನೋಡಿ ಯಾರಾದರೂ ಹೆದರುತ್ತಾರೆಯೇ ಎಂದು ನೀವು ಕೇಳಬಹುದು. ಹೇಳುತ್ತೇನೆ, ಕೇಳಿ.

ಆ ಪ್ಯಾಂಟು ಹೊಲಿದವರು ನನ್ನ ಅಕ್ಕನ ಗಂಡ, ಹುಲಿಗೆಪ್ಪ ಭಾವ. ಕುರುಗೋಡಿನ ಮನೆಯ ಪಡಸಾಲೆಯಲ್ಲಿ ಮಿಷನ್ ಇಟ್ಟುಕೊಂಡು, ಬಳ್ಳಾರಿಯ ಜೀನ್ಸ್ ಅಂಗಡಿಗಳಿಗೆ ಹೊಲಿದು ಕೊಡುತ್ತಿದ್ದರು. ದಾರದ ಉಂಡೆ ಹೊಸದಾಗಿ ಬಂತೆಂದರೆ ಅವರದೊಂದು ಶಾಸ್ತ್ರವಿತ್ತು. ಎರಡು ಮೊಳ ಬಿಚ್ಚಿ, ಬಲಗೈಗೆ ಎರಡು ಸುತ್ತು ಸುತ್ತಿಕೊಂಡು ಜಗ್ಗುವುದು. ಹರಿಯಲಿಲ್ಲವೋ, ಉಂಡೆ ವಾಪಸ್ಸು. ದಾರ ಗಟ್ಟಿಯಿದ್ದರೆ ಒಳ್ಳೆಯದಲ್ಲವೇ ಎಂದು ನಾನೊಮ್ಮೆ ತಿಳಿದವನಂತೆ ಕೇಳಿದ್ದೆ.

"ಹೊಲಿಗಿ ಬಿಟ್ರ ಮತ್ತ ಹಾಕಬೋದು. ದಾರ ಗಟ್ಟಿ ಆಗಿ ಬಟ್ಟೀನ ಹರದ್ರ ಏನ್ ಮಾಡ್ತಿ?" ಎಂದಿದ್ದರು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಯಾವ ತಂತಿಗೆ ಎಷ್ಟು ತೂಕ ಕಟ್ಟಿದರೆ ತುಂಡಾಗುತ್ತದೆ ಎಂಬುದನ್ನು ಬೋರ್ಡು ತುಂಬ ಬರೆದು ಮಕ್ಕಳನ್ನು ನಿದ್ದೆಗೆ ಕಳಿಸಿದ ಅನುಭವವಿದೆ. ಆದರೆ ಭಾವ ಹೇಳಿದ್ದನ್ನು ದರ್ಜಿಯ ಮಾತೆಂದು ಪಡಸಾಲೆಯಲ್ಲೇ ಬಿಟ್ಟು ಬಂದೆ.

ಐತವಾರ ಬಂತೆಂದರೆ ಭಾವನಿಗೆ ಮಿಷನ್ ಬೇಡ, ಸಿರುಗುಪ್ಪದ ಹೊಳೆ ಬೇಕು. ನಾನು ಬಳ್ಳಾರಿಯಿಂದ ಬೈಕಿನಲ್ಲಿ ಹೋಗಿ ಕುರುಗೋಡಿನಲ್ಲಿ ಅವರನ್ನು ಹತ್ತಿಸಿಕೊಳ್ಳುತ್ತಿದ್ದೆ. ಅಕ್ಕ ಬುತ್ತಿ ಕಟ್ಟಿ ಕೊಟ್ಟು, ಮೀನು ತರದಿದ್ದರೆ ಬರಬೇಡಿರೆಂದು ಇಬ್ಬರಿಗೂ ಹೇಳಿ ಕಳಿಸುತ್ತಿದ್ದಳು. ಭಾವನ ಹತ್ತಿರ ಗಾಳದ ಕೋಲೂ ಇರಲಿಲ್ಲ, ರೀಲೂ ಇರಲಿಲ್ಲ. ಒಂದು ಕಟ್ಟಿಗೆ ತುಂಡಿಗೆ ಸುತ್ತಿದ ತಂಗೂಸಿ, ಅಂದರೆ ಸಾದಾ ನೈಲಾನ್ ದಾರ, ಅದರ ತುದಿಗೆ ಗಾಳ. ಬಂಡೆಗಳ ಸಂದಿಯಲ್ಲಿ ಕೊರಮೀನು ಕೂತಿರುತ್ತದೆ. ಗಾಳವೂ ಅಲ್ಲೇ ಹೋಗಿ ಸಿಕ್ಕಿಕೊಳ್ಳುತ್ತದೆ. ಆಗ ಭಾವ ದಾರವನ್ನು ಬಲಗೈಗೆ ಎರಡು ಸುತ್ತು ಸುತ್ತಿ ಹಿಂದಕ್ಕೆ ನಡೆಯುತ್ತಿದ್ದರು. ತಂಗೂಸಿ ರಬ್ಬರಿನಂತೆ ಹಿಗ್ಗಿ, ಟಪ್ ಎನ್ನುತ್ತಿತ್ತು. ಹೋದ ಗಾಳವನ್ನು ಹೊಳೆಗೆ ಬಿಟ್ಟು ಇನ್ನೊಂದು ಕಟ್ಟುತ್ತಿದ್ದರು. ನನಗೆ ಮಾತ್ರ ಪ್ರತಿ ಗಾಳಕ್ಕೂ ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ನಾನೊಂದು ಕೋಲು, ಅದಕ್ಕೆ ಸಿಕ್ಕಿಸಿ ದಾರ ಸುತ್ತುವ ಸ್ಪಿನ್ನಿಂಗ್ ರೀಲು ಕೊಂಡೆ. ಇನ್ನು ಅದಕ್ಕೆ ತುಂಬುವ ದಾರ ಯಾವುದು ಎಂಬ ಪ್ರಶ್ನೆ. ರೀಲಿಗಿಂತ ಅದೇ ದೊಡ್ಡದಾಯಿತು. ಒಂದು ತಿಂಗಳು ಮೊಬೈಲಿನಲ್ಲಿ ಅಮೆರಿಕದವನೊಬ್ಬನ ಪಾಠ ಕೇಳಿದೆ. ಅವನು ಬಾಸ್ ಎಂಬ ಮೀನು ಹಿಡಿಯುವವನು. ಆ ಮೀನು ನಮ್ಮ ಹೊಳೆಯಲ್ಲಿಲ್ಲ, ನಾನು ಇವತ್ತಿನವರೆಗೂ ಕಂಡಿಲ್ಲ. ಆದರೂ ಅದು ಏನು ಕಂಡರೆ ಬೆದರುತ್ತದೆ, ಯಾವ ಹೊತ್ತಿನಲ್ಲಿ ಹಸಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು. ಮನೆಯಲ್ಲಿ ನನ್ನ ಹಸಿವು ಯಾವಾಗ ಎಂದು ಇಷ್ಟು ಕಾಳಜಿಯಿಂದ ಯಾರೂ ಕೇಳಿದ್ದಿಲ್ಲ. ದಾರಗಳಲ್ಲಿ ನೈಲಾನ್ ಅಗ್ಗ, ಹಿಗ್ಗುತ್ತದೆ, ಆದರೆ ದಪ್ಪನೆಯದಾದರೆ ಈ ರೀಲಿನಿಂದ ಸುರುಳಿ ಸುರುಳಿಯಾಗಿ ಹೊರಗೆ ಹಾರಿ ಗೋಜಲಾಗುತ್ತದೆ. ಫ್ಲೋರೋಕಾರ್ಬನ್ ದಾರ ನೀರಿನಲ್ಲಿ ಕಾಣುವುದಿಲ್ಲ, ಆದರೆ ಬಿರುಸು. ಹೆಣೆದ ದಾರ ಹೊಲಿಗೆ ದಾರದಷ್ಟು ತೆಳುವು, ಒಂಚೂರೂ ಹಿಗ್ಗದು, ಹಗ್ಗದಷ್ಟು ಬಲ. ನಾನು ಹೆಣೆದ ಹಸಿರು ದಾರಕ್ಕೆ ಮನಸೋತೆ.

ಅಮೆರಿಕದವನು ಇನ್ನೆರಡು ಮಾತು ಹೇಳಿದ್ದ. ಹೆಣೆದ ದಾರದ ತುದಿಗೆ ಅದಕ್ಕಿಂತ ಕಡಿಮೆ ಬಲದ ಒಂದು ಮಾರು ನೈಲಾನ್ ಕಟ್ಟಿರಿ, ಗಾಳ ಸಿಕ್ಕಿಕೊಂಡರೆ ಅಲ್ಲೇ ಹರಿಯಲಿ. ಮತ್ತೆ, ಹೆಣೆದ ದಾರವನ್ನು ಎಂದೂ ಬರಿಗೈಗೆ ಸುತ್ತಿಕೊಳ್ಳಬೇಡಿ. ಮೊದಲನೆಯದು ಅಂಜುಬುರುಕರ ಕೆಲಸವೆಂದು ನಾನು ಬಿಟ್ಟೆ. ಎರಡನೆಯದು ನನಗೆ ಚೆನ್ನಾಗಿ ನೆನಪಿತ್ತು. ಇದನ್ನು ಗಮನದಲ್ಲಿಡಿ. ನನಗೆ ನೆನಪಿತ್ತು.

ಮೂರು ವರ್ಷದ ಹಿಂದಿನ ಒಂದು ಐತವಾರ. ಹೊಸ ರೀಲಿನಿಂದ ಮೂರನೇ ಸಲ ಎಸೆದಾಗ ಗಾಳ ಬಂಡೆಗೆ ಕಚ್ಚಿಕೊಂಡಿತು. ನಾನು ಎಳೆದೆ, ಕೋಲು ಬಿಲ್ಲಿನಂತೆ ಬಾಗಿತು, ದಾರ ಜಗ್ಗಲಿಲ್ಲ. ಹರಿಯಲೂ ಇಲ್ಲ. ಕಾಲೇಜಿನ ಬೋರ್ಡಿನ ಲೆಕ್ಕ ನಿಜವಾಯಿತೆಂದು ನಾನು ಬೀಗುತ್ತಿದ್ದೆ. ಭಾವ ನಗುತ್ತಾ ಬಂದು, "ತಾ ಇಲ್ಲಿ" ಎಂದು ದಾರ ಹಿಡಿದರು. ಬಲಗೈಗೆ ಒಂದು ಸುತ್ತು. ಎರಡು ಸುತ್ತು.

ನಾನು ಬಾಯಿ ತೆರೆದೆ. ಮಾತು ಹೊರಗೆ ಬರಲಿಲ್ಲ. ಇಷ್ಟು ವರ್ಷ ಎಲ್ಲ ದಾರವನ್ನೂ ಹರಿದ ಆ ಕೈಗೆ ನನ್ನ ದಾರ ಸೋಲಬಾರದು ಎಂಬ ಆಸೆ ಅದನ್ನು ತಡೆಯಿತು. ಭಾವ ಹಿಂದಕ್ಕೆ ಹೆಜ್ಜೆಯಿಟ್ಟರು. ಪಾಚಿಗೆ ಕಾಲು ಜಾರಿತು. ಅವರ ಮೈಭಾರವೆಲ್ಲ ಆ ಕೈಯ ಮೇಲೆ ಬಿತ್ತು.

ಮೊದಲು ರಕ್ತ ಬರಲಿಲ್ಲ, ಅದೇ ಭಯಂಕರ. ಕೈಯ ಮೇಲೆ ಬರೀ ಒಂದು ಬಿಳಿ ಗೆರೆ ಕಂಡಿತು, ದಾರವೇ ಕಾಣಲಿಲ್ಲ. ದಾರ ಒಳಗೆ ಹೋಗಿತ್ತು. ಆಮೇಲೆ ರಕ್ತ. ನಾನು ಬಂಡೆಯ ಮೇಲೆ ಕಂಬದಂತೆ ನಿಂತಿದ್ದೆ.

"ಜೇಬಿನಾಗ ಕತ್ರಿ ಐತಿ, ತಗಿ," ಎಂದರು ಭಾವ, ಅಂಗಡಿಯಲ್ಲಿ ಕೂತವರಂತೆ. ದಾರ ಕತ್ತರಿಸುವ ಆ ಪುಟ್ಟ ಕತ್ತರಿ ಯಾವಾಗಲೂ ಅವರ ಜೇಬಿನಲ್ಲಿರುತ್ತಿತ್ತು. ನನ್ನ ಕೈಯಿಂದ ಅದು ಎರಡು ಸಲ ಬಿತ್ತು, ಮೂರನೇ ಸಲಕ್ಕೆ ದಾರ ಕತ್ತರಿಸಿದೆ.

ಸಿರುಗುಪ್ಪದಲ್ಲಿ ಕಟ್ಟು ಹಾಕಿಸಿ ಬಳ್ಳಾರಿಗೆ ಕರೆತಂದೆ. ಎರಡು ಬೆರಳಿನ ಸ್ನಾಯುರಜ್ಜು ತುಂಡಾಗಿದೆ, ಹೊಲಿಯುತ್ತೇವೆ, ಬೆರಳು ಮಡಚುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಹೊಲಿಯುವ ದಾರ ಯಾವುದೆಂದು ಭಾವ ಅವರನ್ನೇ ವಿಚಾರಿಸಿದರಂತೆ. ಅಕ್ಕ ಕುರುಗೋಡಿನಿಂದ ಬಂದವಳು ಅಳಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂತು ಒಂದೇ ಮಾತು ಕೇಳಿದಳು.

"ಆ ದಾರ ಕೈ ಕೊಯ್ತತಿ ಅಂತ ನಿನಗ ಗೊತ್ತಿತ್ತೇನು?"

"ಇಲ್ಲಕ್ಕ," ಎಂದೆ. ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು. ಹೊಳೆಯಲ್ಲಿ ಬಾರದ ಬಾಯಿ ಆಸ್ಪತ್ರೆಯಲ್ಲಿ ತಾನಾಗಿ ಬಂತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಇವತ್ತಿಗೂ ಆಗುತ್ತದೆ.

ಆ ಎರಡು ಬೆರಳು ಮಡಚಲಿಲ್ಲ. ಬಹಳ ದಿನ ಅಕ್ಕನೇ ಮಿಷನ್ ತುಳಿದಳು, ಭಾವ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಆಮೇಲೆ ಎಡಗೈಯಿಂದ ಬಟ್ಟೆ ದೂಡುವುದನ್ನು ಕಲಿತು ತಾವೇ ಒಂದಿಷ್ಟು ಹೊಲಿಯತೊಡಗಿದರು. ಹಾಗೆ ಹೊಲಿದ ಮೊದಲ ಪ್ಯಾಂಟು ನನ್ನದು. ಅದೇ ಇವತ್ತು ಬಿಚ್ಚಿಕೊಂಡದ್ದು.

ಕಾಲೇಜಿಗೆ ರಜೆ ಹೇಳಿ ಕುರುಗೋಡಿಗೆ ಹೋದೆ. ಬೈಕಿನ ಚೀಲದಲ್ಲಿ ಒಂದು ತೆಳು ನೈಲಾನ್ ದಾರದ ಸುರುಳಿಯೂ ಇತ್ತು. ಆ ಅವಘಡದ ವರ್ಷವೇ ಭಾವನಿಗೆಂದು ಕೊಂಡದ್ದು, ಕೊಡಲು ಮುಖವಿರಲಿಲ್ಲ. ಭಾವ ಪ್ಯಾಂಟನ್ನು ಮಗುಚಿ ನೋಡಿ, ನನ್ನ ಹೊಟ್ಟೆಯನ್ನೂ ಒಮ್ಮೆ ನೋಡಿ, ಮಿಷನ್ನಿಗೆ ಕೂತರು. ಅಕ್ಕ ಬಾಗಿಲ ಬಳಿ ಶೇಂಗಾ ಸುಲಿಯುತ್ತಿದ್ದಳು. ಇನ್ನು ತಡೆದರೆ ಸಾಯುತ್ತೇನೆ ಅನ್ನಿಸಿತು.

"ಭಾವ, ಅವತ್ತು ನನಗ ಗೊತ್ತಿತ್ತು. ಕೈಗೆ ಸುತ್ತಬಾರ್ದು ಅಂತ ಗೊತ್ತಿದ್ದೂ ಹೇಳ್ಲಿಲ್ಲ."

ಮಿಷನ್ ನಿಲ್ಲಲಿಲ್ಲ. ಹೊಲಿಗೆ ಕೊನೆಯವರೆಗೆ ಮುಗಿಸಿ, ದಾರ ಕತ್ತರಿಸಿದರು.

"ನೀನು ಏನೋ ಹೇಳಾಕ ಬಾಯಿ ತಗದು ಸುಮ್ನಾದದ್ದು ನೋಡಿದ್ನಿ. ಅಷ್ಟೊತ್ತಿಗೆ ಕಾಲು ಜಾರಿತ್ತು," ಎಂದರು.

ಮೂರು ವರ್ಷ. ಈ ಮನುಷ್ಯ ಮೂರು ವರ್ಷ ಗೊತ್ತಿದ್ದೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಂಡಿದ್ದರು, ಆ ಕೈಯಿಂದ ನನಗೆ ಪ್ಯಾಂಟು ಹೊಲಿದಿದ್ದರು. ಅಕ್ಕನಿಗೆ ಒಂದು ಮಾತು ಹೇಳಿರಲಿಲ್ಲ. ಅವಳ ಕೈಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಅವಳು ನನ್ನ ಕಡೆ ನೋಡದೆ ಮೊರ ಎತ್ತಿಕೊಂಡು ಒಳಗೆ ಹೋದಳು. ಚಹಾ ಬರಲಿಲ್ಲ. ಇನ್ನೆಷ್ಟು ದಿನ ಬರುವುದಿಲ್ಲವೋ, ಅವಳ ಮೇಲೆ ನನಗೆ ಸಿಟ್ಟಿಲ್ಲ.

ಭಾವ ಚೀಲದಿಂದ ಇಣುಕುತ್ತಿದ್ದ ನೈಲಾನ್ ಸುರುಳಿಯನ್ನು ತೆಗೆದುಕೊಂಡರು. ಎರಡು ಮೊಳ ಬಿಚ್ಚಿ ಒಂದು ತುದಿಯನ್ನು ಮಿಷನ್ನಿನ ಕಾಲಿಗೆ ಕಟ್ಟಿದರು. ಇನ್ನೊಂದನ್ನು ಬಲಗೈಗೆ, ಆ ಎರಡು ಮಡಚದ ಬೆರಳುಗಳ ಕೆಳಗೆ, ಆ ಗಾಯದ ಬಿಳಿ ಗೆರೆಯ ಮೇಲೆಯೇ ಸುತ್ತಿಕೊಂಡರು. ಒಂದು ಸುತ್ತು. ಎರಡು ಸುತ್ತು.

"ಬ್ಯಾಡ್ರಿ ಭಾವ!"

ನನ್ನ ಕೂಗಿಗೆ ಓಣಿಯ ನಾಯಿ ಬೊಗಳಿತು. ಅಕ್ಕ ಒಳಗಿಂದ ಓಡಿ ಬಂದಳು. ಭಾವ ಜಗ್ಗಿದರು, ನೈಲಾನ್ ಹಿಗ್ಗಿತು, ಟಪ್ ಎಂದು ಹರಿಯಿತು. ಕೈ ಬಿಚ್ಚಿ ನಮ್ಮಿಬ್ಬರಿಗೂ ತೋರಿಸಿದರು. ಏನೂ ಆಗಿರಲಿಲ್ಲ.

"ಈ ದಾರ ನಡೀತತಿ," ಎಂದರು. ಆಮೇಲೆ ನನ್ನ ಮುಖ ನೋಡಿ, "ಇವತ್ತು ಬಾಯಿ ಬಂತಲ್ಲ ನಿನಗ. ಐತವಾರ ಹೋಗಾಣ," ಎಂದರು.